ಕಂಬವೋ, ಮನುಷ್ಯನೋ

"ಪ್ರಾಚೀನ ಗ್ರೀಸಿನಲ್ಲಿ ಪಿರ್ರೋ ಎಂಬ ಹೆಸರಾಂತ ಸಂಶಯಪಿಶಾಚಿ ಇದ್ದನು."

ಶ್ರೀಪತಿ ತನ್ನ ಅನುವಾದದ ಮೊದಲ ವಾಕ್ಯವನ್ನು ಓದಿ, ಮೆಚ್ಚುಗೆಗಾಗಿ ತಲೆಯೆತ್ತಿದ. ಸರಿಯಾಗಿ ಆ ಹೊತ್ತಿಗೇ ಕರೆಂಟು ಹೋಯಿತು. ಹಾಗಾಗಿ ನಮ್ಮ ಮುಖಗಳಲ್ಲಿ ಏನಿತ್ತೆಂಬುದು ಅವನಿಗೆ ಕಾಣಲಿಲ್ಲ. ಕಂಡಿದ್ದರೆ ಹಾಳೆಯನ್ನು ಮಡಚಿ ಜೇಬಿಗೆ ಸೇರಿಸುತ್ತಿದ್ದ, ನಮ್ಮ ಹರಟೆಯೂ ಅಲ್ಲಿಗೇ ಮುಗಿಯುತ್ತಿತ್ತು.

ವರಾಂಡದಲ್ಲಿ ನಾವು ಐವರು ಕುಳಿತಿದ್ದೆವು. ಅನುವಾದಕ ಶ್ರೀಪತಿ, ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನಾಗರತ್ನ, ಯಾವ ಸುದ್ದಿಯನ್ನೂ ಬರಿಗೈಯಲ್ಲಿ ವಾಪಸು ಕಳುಹಿಸದ ಮಂಜಪ್ಪ, ಮನೆಯ ಯಜಮಾನನೆಂಬ ಏಕೈಕ ಅರ್ಹತೆಯ ನಾನು. ನಾಲ್ವರೂ ಒಂದೇ ಬೆಂಚಿನಲ್ಲಿ ಕಲಿತವರು. ಐದನೆಯವರು ನಮಗೆ ಆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆಯನ್ನು ಕೊಡುತ್ತಿದ್ದ ಸಂಸ್ಕೃತದ ಮೇಷ್ಟ್ರು. ನಿವೃತ್ತರಾಗಿದ್ದಾರೆ, ಆದರೆ ಆ ಸಂಗತಿಯನ್ನು ಅವರಿಗೆ ಯಾರೂ ತಿಳಿಸಿದಂತಿಲ್ಲ.

"ಪಿಶಾಚಿಯೇ ಏಕೆ ಬೇಕಾಯಿತು?" ಕತ್ತಲಲ್ಲಿ ನಾಗರತ್ನಳ ದನಿ.

"ಮೂಲದಲ್ಲಿ ಸ್ಕೆಪ್ಟಿಕ್ ಎಂದಿದೆ."

"ಅಯ್ಯೋ, ಗಾಯ ಎಲ್ಲಾಗಿತ್ತು?" ಮಂಜಪ್ಪನ ದನಿಯಲ್ಲಿ ನಿಜವಾದ ಕಾಳಜಿಯಿತ್ತು. "ಸೆಪ್ಟಿಕ್ ಆದರೆ ಬಹಳ ಕಷ್ಟ. ನಮ್ಮ ಸೋದರತ್ತೆಯ ಮಗನಿಗೆ ಹಿಮ್ಮಡಿಯಲ್ಲಿ..."

"ಸೆಪ್ಟಿಕ್ ಅಲ್ಲ ಮಾರಾಯ, ಸ್ಕೆಪ್ಟಿಕ್. ಎರಡೂ ಗ್ರೀಕಿನಿಂದ ಬಂದವೇ. ಆದರೆ ಒಂದರ ಮೂಲದಲ್ಲಿ ಕೊಳೆಯುವುದು ಎಂಬ ಅರ್ಥವಿದೆ, ಇನ್ನೊಂದರ ಮೂಲದಲ್ಲಿ ದಿಟ್ಟಿಸಿ ನೋಡುವುದು, ವಿಚಾರಿಸುವುದು ಎಂಬ ಅರ್ಥವಿದೆ."

"ದಿಟ್ಟಿಸಿ ನೋಡುವವನನ್ನು ನೀನು ಪಿಶಾಚಿ ಮಾಡಿದೆಯಾ?"

ಶ್ರೀಪತಿ ತನ್ನ ಕಷ್ಟವನ್ನು ತೋಡಿಕೊಂಡ. ನಿಘಂಟಿನಲ್ಲಿ ಸಂಶಯವಾದ, ಸಂದೇಹವಾದ ಎಂಬ ಪದಗಳಿವೆ. ಪರೀಕ್ಷೆಯ ಉತ್ತರಪತ್ರಿಕೆಗೆ ಅವು ಸಾಕು. ಆದರೆ ಓದುಗನ ಮನಸ್ಸಿನಲ್ಲಿ ಒಬ್ಬ ಮನುಷ್ಯ ಮೂಡಬೇಕಲ್ಲ, ಸಂಶಯವಾದಿ ಎಂದರೆ ಯಾರೂ ಮೂಡುವುದಿಲ್ಲ. ಅದಕ್ಕೇ ನಾಲ್ಕು ಜನರ ಬಾಯಲ್ಲಿರುವ ಪದವನ್ನು ಹುಡುಕಲು ಹೊರಟನಂತೆ. ಮೊದಲು "ಅನುಮಾನದ ಮನುಷ್ಯ" ಎಂದು ಬರೆದ. ಅವನ ಹೆಂಡತಿ ಓದಿ, "ಪಾಪ, ಇವನ ಹೆಂಡತಿ ಹೇಗೆ ಬಾಳಿದಳೋ" ಎಂದಳು. ಆಮೇಲೆ "ಶಂಕಿತ ತತ್ತ್ವಜ್ಞಾನಿ" ಎಂದು ತಿದ್ದಿದ. ಈಗ ಪಿರ್ರೋ ಜಾಮೀನಿಗೆ ಅರ್ಜಿ ಹಾಕಿಕೊಂಡವನಂತೆ ಕಂಡ. "ಗುಮಾನಿ" ಎಂದರೆ ಪಾರಸಿಯಿಂದ ನೇರವಾಗಿ ಪೊಲೀಸ್ ಠಾಣೆಗೆ ಬಂದಿಳಿದ ಪದ. ಅಲ್ಲಿಂದ ಅದನ್ನು ಬಿಡಿಸಿಕೊಂಡು ಬರುವುದು ಸಾಧ್ಯವಾಗಲಿಲ್ಲ. ಕೊನೆಗೆ ಪಿಶಾಚಿ ಒಲಿಯಿತು.

"ಅನುಮಾನ ಎಂಬ ಪದಕ್ಕೆ ನಾವು ಮಾಡಿದ ಅನ್ಯಾಯವನ್ನು ಹೇಳಿದರೆ ನೀವು ಅಳುತ್ತೀರಿ," ಎಂದರು ಮೇಷ್ಟ್ರು. ನಾವು ಅಳಲು ಸಿದ್ಧರಾಗಿ ಕುಳಿತೆವು. "ನ್ಯಾಯಶಾಸ್ತ್ರದಲ್ಲಿ, ಅಂದರೆ ನಮ್ಮ ಹಳೆಯ ತರ್ಕಶಾಸ್ತ್ರದಲ್ಲಿ, ಅನುಮಾನವೆಂದರೆ ಒಂದು ಪ್ರಮಾಣ, ನಿಜವನ್ನು ತಿಳಿಯುವ ಸಾಧನ. ಬೆಟ್ಟದ ಮೇಲೆ ಹೊಗೆ ಕಾಣುತ್ತದೆ, ಆದ್ದರಿಂದ ಅಲ್ಲಿ ಬೆಂಕಿಯಿದೆ. ಅದು ಅನುಮಾನ. ಸಂಶಯವನ್ನು ಹೋಗಲಾಡಿಸುವುದೇ ಅದರ ಕೆಲಸ. ಕನ್ನಡಕ್ಕೆ ಬಂದ ಮೇಲೆ ಅದೇ ಸಂಶಯವಾಗಿ ಕುಳಿತಿತು."

"ಕಳ್ಳನನ್ನು ಹಿಡಿಯಲು ಕಳುಹಿಸಿದ ಪೇದೆಯೇ ಕಳ್ಳನಾದ ಹಾಗೆ," ಎಂದೆ ನಾನು.

"ಸಂಶಯ ಎಂಬುದೂ ಅಷ್ಟೇನೂ ಚುರುಕಿನ ಪದವಲ್ಲ. ಶೀ ಧಾತು, ಮಲಗುವುದು ಎಂದರ್ಥ. ಮನಸ್ಸು ಎರಡು ಪಕ್ಕಕ್ಕೂ ಹೊರಳುತ್ತ ಮಲಗಿರುವುದು ಸಂಶಯ. ಸಂದೇಹದಲ್ಲಿರುವುದು ದಿಹ್, ಅಂದರೆ ಬಳಿಯುವುದು, ಮೆತ್ತುವುದು. ಕನ್ನಡಕದ ಗಾಜಿಗೆ ಎಣ್ಣೆಗೈ ತಗುಲಿದ ಹಾಗೆ."

ಶ್ರೀಪತಿ ಬರೆದುಕೊಳ್ಳಲು ಪೆನ್ನು ತೆಗೆದ, ಕತ್ತಲೆಯೆಂದು ನೆನಪಾಗಿ ಮತ್ತೆ ಜೇಬಿಗೆ ಇಟ್ಟ. "ಅಂದರೆ ಗ್ರೀಕರವನು ಎದ್ದು ನಿಂತು ನೋಡುತ್ತಿದ್ದಾನೆ, ನಮ್ಮವನು ಮಲಗಿ ಹೊರಳುತ್ತಿದ್ದಾನೆ. ಇವನನ್ನು ಅವನ ಜಾಗದಲ್ಲಿ ಹೇಗೆ ಕೂರಿಸಲಿ?"

ಆಗ ಮಂಜಪ್ಪ ನನ್ನ ಮಂಡಿ ಹಿಡಿದುಕೊಂಡ. "ಗೇಟಿನ ಹತ್ತಿರ ಯಾರೋ ನಿಂತಿದ್ದಾರೆ."

ನೋಡಿದೆವು. ಮೋಡದ ಸಂಜೆ, ಬೀದಿದೀಪವೂ ಇಲ್ಲ. ಗೇಟಿನ ಆಚೆ, ಎಡಕ್ಕೆ, ಕತ್ತಲಿಗಿಂತ ಸ್ವಲ್ಪ ಹೆಚ್ಚು ಕಪ್ಪಾಗಿ, ನೆಟ್ಟಗೆ ಒಂದು ಆಕೃತಿ. ಎದೆಯ ಎತ್ತರದಲ್ಲಿ ಸ್ವಲ್ಪ ದಪ್ಪವಾಗಿತ್ತು. ಅಲುಗಾಡುತ್ತಿರಲಿಲ್ಲ.

ಮೇಷ್ಟ್ರಿಗೆ ಆದ ಸಂತೋಷವನ್ನು ವರ್ಣಿಸಲಾರೆ. "ಸ್ಥಾಣುರ್ವಾ ಪುರುಷೋ ವಾ! ಕಂಬವೋ ಮನುಷ್ಯನೋ! ನ್ಯಾಯದರ್ಶನದವರು ಸಂಶಯಕ್ಕೆ ಕೊಡುವ ಉದಾಹರಣೆಯೇ ಇದು. ನಲವತ್ತು ವರ್ಷ ಪಾಠ ಮಾಡಿದೆ, ಒಮ್ಮೆಯೂ ಕಣ್ಣೆದುರಿಗೆ ಬಂದಿರಲಿಲ್ಲ. ಎತ್ತರವಿದೆ, ದಪ್ಪವಿದೆ. ಇವು ಎರಡಕ್ಕೂ ಸಮಾನ. ಕೈಕಾಲಿದ್ದರೆ ಮನುಷ್ಯ, ಬಿರುಕು ಪೊಟರೆಗಳಿದ್ದರೆ ಕಂಬ. ಯಾವುದೂ ಕಾಣುತ್ತಿಲ್ಲ. ಎಂಥ ಶುದ್ಧ ಸಂಶಯ!"

"ಅಲ್ಲಿ ಕಂಬವಿದೆಯೇನೋ?" ಎಂದು ನಾಗರತ್ನ ನನ್ನನ್ನು ಕೇಳಿದಳು.

ಹನ್ನೆರಡು ವರ್ಷಗಳಿಂದ ಅದೇ ಗೇಟಿನಿಂದ ಹೋಗಿ ಬರುತ್ತಿದ್ದೇನೆ. ಎಡಕ್ಕೆ ಕಂಬವಿದೆಯೋ, ಬಲಕ್ಕಿದೆಯೋ, ಇದೆಯೋ ಇಲ್ಲವೋ, ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಹಾಗೆಂದು ಒಪ್ಪಿಕೊಳ್ಳಲಾದೀತೇ? "ಇದೆ," ಎಂದೆ, ಕಂಬವನ್ನು ನಾನೇ ನೆಡಿಸಿದವನ ಗಾಂಭೀರ್ಯದಲ್ಲಿ.

ಮಂಜಪ್ಪ, "ಯಾರದು?" ಎಂದು ಕೂಗಿದ. ಉತ್ತರಕ್ಕೆ ಕಾಯುವಷ್ಟು ವ್ಯವಧಾನ ಅವನಿಗಾಗಲೀ ನಮಗಾಗಲೀ ಇರಲಿಲ್ಲ. "ನೋಡಿದಿರಾ, ಮಾತಿಲ್ಲ, ಕಂಬವೇ," ಎಂದು ಅವನು, "ಮೌನ ಕಂಬದ ಲಕ್ಷಣವಲ್ಲ, ಮನುಷ್ಯನೂ ಸುಮ್ಮನಿರಬಲ್ಲ," ಎಂದು ಮೇಷ್ಟ್ರು, "ನಿಮ್ಮನ್ನು ನೋಡಿದರೆ ಹಾಗೆ ಅನ್ನಿಸುವುದಿಲ್ಲ," ಎಂದು ನಾಗರತ್ನ, ಎಲ್ಲರೂ ಒಟ್ಟಿಗೇ ಶುರುಮಾಡಿದರು.

"ಟಾರ್ಚ್ ಇಲ್ಲವೇ ಮನೆಯಲ್ಲಿ?"

"ಇದೆ. ಹುಡುಕಲು ಟಾರ್ಚ್ ಬೇಕು."

"ಮೊಬೈಲ್?"

"ಇಲ್ಲಿಂದ ಹಾಕಿದರೆ ಅಲ್ಲಿಗೆ ಮುಟ್ಟುವುದಿಲ್ಲ. ಎದ್ದು ಹೋಗಬೇಕು."

ಎದ್ದು ಹೋಗಬೇಕು ಎಂಬ ಮಾತು ಬಂದ ಕೂಡಲೇ ಎಲ್ಲರೂ ಕುರ್ಚಿಯಲ್ಲಿ ಇನ್ನಷ್ಟು ಒಳಸರಿದರು. ಶ್ರೀಪತಿ ಜಾಣತನದಿಂದ ಮಾತನ್ನು ಗ್ರೀಸಿಗೆ ತಿರುಗಿಸಿದ.

"ಪಿರ್ರೋ ಇದ್ದಿದ್ದರೆ ಏನು ಮಾಡುತ್ತಿದ್ದ ಗೊತ್ತೇ? ಕಂಬವೆಂದೂ ಹೇಳುತ್ತಿರಲಿಲ್ಲ, ಮನುಷ್ಯನೆಂದೂ ಹೇಳುತ್ತಿರಲಿಲ್ಲ. ತೀರ್ಪನ್ನು ತಡೆಹಿಡಿದು ನೆಮ್ಮದಿಯಾಗಿರುತ್ತಿದ್ದ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದವನು. ಅಲೆಕ್ಸಾಂಡರನ ದಂಡಿನ ಜೊತೆ ಭಾರತದವರೆಗೂ ಬಂದು, ಇಲ್ಲಿಯ ಬೆತ್ತಲೆ ಸಾಧುಗಳನ್ನು ಕಂಡು ಹೋದವನು. ಎದುರಿಗೆ ಗಾಡಿ ಬಂದರೂ ಸರಿಯುತ್ತಿರಲಿಲ್ಲವಂತೆ, ಪ್ರಪಾತ ಬಂದರೂ ನಿಲ್ಲುತ್ತಿರಲಿಲ್ಲವಂತೆ. ಜೊತೆಗಿದ್ದ ಗೆಳೆಯರು ಎಳೆದು ಉಳಿಸುತ್ತಿದ್ದರಂತೆ. ಸುಮಾರು 90 ವರ್ಷ ಬದುಕಿದ."

"ಅವನ ಗೆಳೆಯರು?"

"ಅದನ್ನು ಬರೆದಿಲ್ಲ."

"ಬಹಳ ಮೊದಲೇ ಸುಸ್ತಾಗಿ ಹೋಗಿರುತ್ತಾರೆ," ಎಂದ ಮಂಜಪ್ಪ. ಅವನು ಒಮ್ಮೊಮ್ಮೆ ತಿಳಿಯದೆಯೇ ಸರಿಯಾದ ಮಾತನ್ನು ಆಡಿಬಿಡುತ್ತಾನೆ.

"ಅವನ ಗುರು ಅನಾಕ್ಸಾರ್ಕಸ್ ಒಮ್ಮೆ ಕೆಸರಿನಲ್ಲಿ ಹೂತುಹೋದ. ಪಿರ್ರೋ ನೋಡಿಯೂ ನೋಡದವನಂತೆ ಮುಂದೆ ನಡೆದ. ಜನ ಛೀಮಾರಿ ಹಾಕಿದರು. ಗುರು ಮಾತ್ರ, ಎಂಥ ನಿರ್ಲಿಪ್ತತೆ ನನ್ನ ಶಿಷ್ಯನದು ಎಂದು ಹೊಗಳಿದನಂತೆ."

ಮೇಷ್ಟ್ರು ಕತ್ತಲಲ್ಲಿಯೇ ನಮ್ಮ ಕಡೆ ತಿರುಗಿದ್ದು ಕುರ್ಚಿಯ ಸದ್ದಿನಿಂದ ಗೊತ್ತಾಯಿತು. "ನನ್ನನ್ನು ಎತ್ತಿ. ಆಮೇಲೆ ಎಷ್ಟು ಬೇಕಾದರೂ ನಿರ್ಲಿಪ್ತರಾಗಿರಿ."

"ಇನ್ನೊಂದು ಸಲ ನಾಯಿ ಮೇಲೇರಿ ಬಂದಾಗ ಪಿರ್ರೋ ಬೆದರಿಬಿಟ್ಟ. ಆಡಿಕೊಂಡವರಿಗೆ, ಮನುಷ್ಯತನವನ್ನು ಪೂರ್ತಿ ಕಳಚಿಹಾಕುವುದು ಸುಲಭವಲ್ಲ ಎಂದನಂತೆ."

ಈ ಉತ್ತರ ನನಗೆ ಬಹಳ ಹಿಡಿಸಿತು. ಗಾಡಿಯ ಮುಂದೆ ನಡೆದವನಿಗಿಂತ ನಾಯಿಗೆ ಹೆದರಿದವನ ಪಕ್ಕದಲ್ಲಿ ಕುಳಿತು ಹರಟಬಹುದು.

"ಇದನ್ನೆಲ್ಲ ಬರೆದವರು ಯಾರು?" ನಾಗರತ್ನ ಕೇಳಿದಳು.

"ಡಯೋಜಿನೀಸ್ ಲೇರ್ಷಿಯಸ್. ಪಿರ್ರೋ ತಾನಾಗಿ ಒಂದಕ್ಷರವನ್ನೂ ಬರೆದಿಟ್ಟಿಲ್ಲ."

"ಪಿರ್ರೋ ಸತ್ತು ಎಷ್ಟು ವರ್ಷದ ಮೇಲೆ?"

ಶ್ರೀಪತಿ ಸ್ವಲ್ಪ ತಡವರಿಸಿದ. "ಸುಮಾರು 500 ವರ್ಷ."

"ಅಂದರೆ 500 ವರ್ಷ ಕೈಯಿಂದ ಕೈಗೆ ಫಾರ್ವರ್ಡ್ ಆಗಿ ಬಂದ ಸಂದೇಶ. ಮಂಜಪ್ಪ, ಇದು ನಿನ್ನ ಇಲಾಖೆ."

"ಅದೇ ಪುಸ್ತಕದಲ್ಲಿ ಇನ್ನೊಂದು ಮಾತೂ ಇದೆ," ಶ್ರೀಪತಿ ಸಮಜಾಯಿಷಿ ಕೊಟ್ಟ. "ಅವನ ಪಂಥದವನೇ ಆದ ಈನೆಸಿಡೀಮಸ್, ಪಿರ್ರೋ ತತ್ತ್ವದಲ್ಲಿ ಮಾತ್ರ ಹಾಗಿದ್ದ, ದಿನದ ಬದುಕಿನಲ್ಲಿ ಎಚ್ಚರ ತಪ್ಪಿದವನಲ್ಲ ಎಂದಿದ್ದಾನೆ. ಆದರೆ ಗಾಡಿಯ ಕಥೆ ಎಲ್ಲರಿಗೂ ಗೊತ್ತು, ಈ ತಿದ್ದುಪಡಿ ಯಾರಿಗೂ ಗೊತ್ತಿಲ್ಲ."

"ತಿದ್ದುಪಡಿ ಯಾವತ್ತು ತಲುಪಿದೆ?" ಎಂದಳು ನಾಗರತ್ನ.

ಇಲ್ಲಿಯವರೆಗೆ ಸುಮ್ಮನಿದ್ದ ಮಂಜಪ್ಪನಿಗೆ ಹುರುಪು ಬಂತು. "ನಿಜ ಹೇಳಬೇಕೆಂದರೆ ನಾನೂ ಸ್ಕೆಪ್ಟಿಕ್ಕೇ. ನಾನು ಏನನ್ನೂ ಸುಮ್ಮನೆ ನಂಬುವವನಲ್ಲ."

ಕತ್ತಲಲ್ಲಿ ಯಾರೋ ಕೆಮ್ಮಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವನು ಗಾದೆಯಲ್ಲಿ ಮಾತ್ರ ಇದ್ದಾನೆಂದು ತಿಳಿದವರು ಮಂಜಪ್ಪನನ್ನು ಕಂಡಿಲ್ಲ. ಇವನು ಕರುವಿಗೆ ಹೆಸರಿಟ್ಟು, ಸಂಜೆಯ ಹಾಲಿಗೆ ಪಾತ್ರೆಯನ್ನೂ ತೊಳೆದಿಟ್ಟಿರುತ್ತಾನೆ.

"ಉದಾಹರಣೆಗೆ, ಚಂದ್ರನ ಮೇಲೆ ಮನುಷ್ಯ ಇಳಿದ ಎನ್ನುತ್ತಾರಲ್ಲ, ಅದನ್ನು ನಾನು ನಂಬುವುದಿಲ್ಲ."

"ಏಕೆ?"

"ಒಂದು ವಿಡಿಯೋ ಬಂದಿತ್ತು."

"ಆ ವಿಡಿಯೋ ಮಾಡಿದವನು ಯಾರು? ಅವನಿಗೆ ಹೇಗೆ ಗೊತ್ತಾಯಿತು?"

"ಅದನ್ನೆಲ್ಲ ಕೇಳುತ್ತಾ ಕುಳಿತರೆ ಏನನ್ನೂ ನಂಬಲಿಕ್ಕೇ ಆಗುವುದಿಲ್ಲ," ಎಂದ ಮಂಜಪ್ಪ, ಬೇಸರದಿಂದ.

ನಾಗರತ್ನ ನಗಲಿಲ್ಲ. ಅವಳು ನಗದಿದ್ದಾಗ ನಮಗೆ ಭಯ. "1969ರಿಂದ 1972ರವರೆಗೆ ಆರು ಸಲ ಇಳಿದಿದ್ದಾರೆ. 382 ಕಿಲೋ ಕಲ್ಲು ಮಣ್ಣು ತಂದಿದ್ದಾರೆ. ಅಲ್ಲಿ ಕನ್ನಡಿಯಂಥ ಪ್ರತಿಫಲಕಗಳನ್ನು ಇಟ್ಟು ಬಂದಿದ್ದಾರೆ. ಇವತ್ತಿಗೂ ಭೂಮಿಯಿಂದ ಲೇಸರ್ ಬಿಟ್ಟರೆ ಬೆಳಕು ಅವಕ್ಕೆ ತಾಗಿ ಮರಳಿ ಬರುತ್ತದೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದೆ ಎಂದು ಹಾಗೆ ಅಳೆದೇ ತಿಳಿದಿದ್ದಾರೆ. ನೀನು ಸ್ಕೆಪ್ಟಿಕ್ ಆಗಿದ್ದರೆ ಇದನ್ನೂ ಕೇಳುತ್ತಿದ್ದೆ, ಆ ವಿಡಿಯೋವನ್ನೂ ಕೇಳುತ್ತಿದ್ದೆ. ನೀನು ಒಂದು ಕಡೆಗೆ ಮಾತ್ರ ಕಾವಲುಗಾರನನ್ನು ನಿಲ್ಲಿಸಿ, ಇನ್ನೊಂದು ಬಾಗಿಲನ್ನು ತೆರೆದಿಟ್ಟಿದ್ದೀಯೆ."

"ಸಂಶಯ ಪಡುವುದು ನನ್ನ ಹಕ್ಕಲ್ಲವೇ?"

"ಹಕ್ಕೇ. ಆದರೆ ಆ ಹಕ್ಕಿಗೆ ಬಂಡವಾಳ ಹಾಕುವವರೂ ಇದ್ದಾರೆ, ಅದನ್ನು ತಿಳಿದುಕೋ. ಅದೇ 1969ರಲ್ಲಿ ಅಮೆರಿಕದ ಒಂದು ಸಿಗರೇಟು ಕಂಪನಿಯ ಒಳಗಿನ ಟಿಪ್ಪಣಿಯಲ್ಲಿ, ಸಂಶಯವೇ ನಮ್ಮ ಸರಕು ಎಂದು ಬರೆದಿದ್ದರು. ಸಿಗರೇಟಿನಿಂದ ಕ್ಯಾನ್ಸರ್ ಬರುತ್ತದೆ ಎಂಬುದನ್ನು ಸುಳ್ಳೆಂದು ತೋರಿಸಬೇಕಾಗಿಲ್ಲ. ಜನರ ತಲೆಯಲ್ಲಿ 'ಇರಲಾರದೇನೋ' ಎಂಬುದನ್ನು ಬಿತ್ತಿದರೆ ಸಾಕು. ಆ ಸಂಶಯದಲ್ಲಿ ಹುಡುಕಾಟವೇ ಇಲ್ಲ. ಹುಡುಕಾಟ ನಿಲ್ಲಲಿ ಎಂದೇ ಅದನ್ನು ಮಾರುವುದು."

ಮಂಜಪ್ಪ ಮೌನವಾದ. ಇಷ್ಟು ಹೊತ್ತು ಸೇದಲು ಹೊರಗೆ ಹೋಗಬೇಕೆಂದುಕೊಂಡಿದ್ದವನು ಆ ಯೋಚನೆಯನ್ನು ಕೈಬಿಟ್ಟನೆಂದು ಕಾಣುತ್ತದೆ. ಗೇಟಿನ ಹತ್ತಿರದ ಆ ಆಕೃತಿಯೂ ಕಾರಣವಿರಬಹುದು.

"ಅನುವಾದದಲ್ಲಿ ಮುಂದೆ ಇದೇ ತಾಪತ್ರಯ ಬರುತ್ತದೆ," ಎಂದ ಶ್ರೀಪತಿ. "ಹವಾಮಾನ ಬದಲಾವಣೆಯನ್ನು ಒಪ್ಪದವರು ತಮ್ಮನ್ನು ಸ್ಕೆಪ್ಟಿಕ್ ಎಂದು ಕರೆದುಕೊಂಡರು. ನಿಜವಾದ ಸ್ಕೆಪ್ಟಿಕ್‌ಗಳಿಗೆ ಸಿಟ್ಟು ಬಂತು. 2015ರಲ್ಲಿ ಅಸೋಸಿಯೇಟೆಡ್ ಪ್ರೆಸ್ ತನ್ನ ವರದಿಗಾರರಿಗೆ, ಅವರನ್ನು ಸ್ಕೆಪ್ಟಿಕ್ ಎನ್ನಬೇಡಿ, ನಿರಾಕರಿಸುವವರು ಎಂದೂ ಅನ್ನಬೇಡಿ, ಹವಾಮಾನ ಬದಲಾವಣೆಯ ಬಗ್ಗೆ ಅನುಮಾನವುಳ್ಳವರು ಎನ್ನಿ ಅಥವಾ ಅದರ ಮುಖ್ಯವಾಹಿನಿಯ ವಿಜ್ಞಾನವನ್ನು ತಿರಸ್ಕರಿಸುವವರು ಎನ್ನಿ ಎಂದು ಸೂಚನೆ ಕೊಟ್ಟಿತು. ಒಂದು ಪದ ತಪ್ಪಿಸಲು ಒಂದು ಸಾಲು."

"ನಮ್ಮಲ್ಲಿ ಅಷ್ಟು ಕಷ್ಟವಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು," ಎಂದೆ.

ಶ್ರೀಪತಿ ಕುರ್ಚಿಯಿಂದ ಜಿಗಿದೇಬಿಟ್ಟ. "ಸೆಕ್ಸ್ಟಸ್ ಹೇಳಿದ್ದು ಇದನ್ನೇ! ಸೆಕ್ಸ್ಟಸ್ ಎಂಪಿರಿಕಸ್, ವೈದ್ಯ, ಪಿರ್ರೋ ಪಂಥದ ಮಾತುಗಳೆಲ್ಲ ಉಳಿದುಬಂದಿರುವುದೇ ಹೆಚ್ಚಾಗಿ ಅವನ ಪುಸ್ತಕಗಳಿಂದ. ಏನನ್ನೋ ಹುಡುಕಲು ಹೊರಟವರಲ್ಲಿ ಮೂರು ತರಹದವರು ಎನ್ನುತ್ತಾನೆ. ಸಿಕ್ಕಿತು ಎನ್ನುವವರು, ಸಿಗುವುದು ಅಸಾಧ್ಯ ಎನ್ನುವವರು, ಇನ್ನೂ ಹುಡುಕುತ್ತಿರುವವರು. ಮೂರನೆಯವರೇ ಸ್ಕೆಪ್ಟಿಕ್‌ಗಳು."

"ಅಂದರೆ, ಮೊಲ ಸಿಕ್ಕಿತು, ಕಾಲು ಮೂರು ಎನ್ನುವವನು ಒಬ್ಬ. ಮೊಲದ ಕಾಲನ್ನು ಎಣಿಸಲು ಮನುಷ್ಯಮಾತ್ರನಿಂದ ಆಗದು ಎನ್ನುವವನು ಇನ್ನೊಬ್ಬ."

"ಮೂರನೆಯವನು ಇನ್ನೂ ಮೊಲದ ಹಿಂದೆ ಓಡುತ್ತಿದ್ದಾನೆ."

"ಮೊಲಕ್ಕೆ ಇದೆಲ್ಲ ಗೊತ್ತಿದೆಯೇ?" ಎಂದ ಮಂಜಪ್ಪ.

ಎರಡನೆಯವನನ್ನೂ ಸ್ಕೆಪ್ಟಿಕ್ ಎಂದೇ ಲೋಕ ಕರೆಯುವುದು, ಗೊಂದಲವಾಗುವುದೇ ಅಲ್ಲಿ ಎಂದು ನನಗನ್ನಿಸಿತು. ಏನೂ ತಿಳಿಯಲಾಗದು ಎಂದು ಅಷ್ಟು ಖಚಿತವಾಗಿ ಹೇಳುವವನಿಗೆ ಅಷ್ಟು ಹೇಗೆ ತಿಳಿಯಿತು? ಕೇಳಿಯೇಬಿಟ್ಟೆ.

"ಅದಕ್ಕೂ ಸೆಕ್ಸ್ಟಸ್ ಹತ್ತಿರ ಉತ್ತರವಿದೆ. ನಮ್ಮ ವಾದಗಳು ಭೇದಿ ಔಷಧದ ಹಾಗೆ ಎನ್ನುತ್ತಾನೆ. ಹೊಟ್ಟೆಯಲ್ಲಿದ್ದದ್ದನ್ನು ಹೊರಹಾಕಿ, ಅದರ ಜೊತೆಗೆ ತಾನೂ ಹೊರಗೆ ಹೋಗುತ್ತದೆ. ವೈದ್ಯನಲ್ಲವೇ, ಹೋಲಿಕೆಗೆ ದೂರ ಹೋಗಬೇಕಾಗಿರಲಿಲ್ಲ. ಇನ್ನೊಂದು ಕಡೆ, ಏಣಿ ಹತ್ತಿದವನು ಮೇಲೆ ಹೋದ ಮೇಲೆ ಏಣಿಯನ್ನು ಒದ್ದು ಬೀಳಿಸುವ ಹಾಗೆ ಎಂದಿದ್ದಾನೆ."

"ಇಳಿದದ್ದು ಹೇಗೆ?"

"ಏನು?"

"ಏಣಿ ಒದ್ದವನು ಇಳಿದದ್ದು ಹೇಗೆ?"

ಇದಕ್ಕೆ ಶ್ರೀಪತಿಯಲ್ಲಿ ಉತ್ತರವಿರಲಿಲ್ಲ. ಸೆಕ್ಸ್ಟಸನಲ್ಲಿಯೂ ಇದ್ದಂತಿಲ್ಲ. ಅವನು ಇನ್ನೂ ಅಟ್ಟದ ಮೇಲೆಯೇ ಇರಬಹುದು.

"ಇವೆಲ್ಲ ವಿದೇಶಿಯರ ಉಪದ್ವ್ಯಾಪ," ಎಂದು ಮಂಜಪ್ಪ ಹೊಸ ದಾರಿ ಹಿಡಿದ. "ನಮ್ಮಲ್ಲಿ ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ಸಂಶಯಾತ್ಮಾ ವಿನಶ್ಯತಿ."

ಮೇಷ್ಟ್ರು ಕಾಯುತ್ತಿದ್ದದ್ದೇ ಇದಕ್ಕೆ. "ಶ್ಲೋಕದ ಬಾಲ ಹಿಡಿದು ಬಂದಿದ್ದೀಯೆ, ತಲೆ ಎಲ್ಲಿ? ಗೀತೆಯ 4ನೆಯ ಅಧ್ಯಾಯ, 40ನೆಯ ಶ್ಲೋಕ. ಅಜ್ಞಶ್ಚಾಶ್ರದ್ದಧಾನಶ್ಚ ಸಂಶಯಾತ್ಮಾ ವಿನಶ್ಯತಿ. ನಾಶವಾಗುವವರ ಸಾಲಿನಲ್ಲಿ ಮೊದಲು ನಿಂತವನು ಅಜ್ಞ, ತಿಳಿಯದವನು. ಸಂಶಯದವನ ಸರದಿ ಆಮೇಲೆ. ಅದೇ ಅಧ್ಯಾಯದ 4ನೆಯ ಶ್ಲೋಕದಲ್ಲಿ ಅರ್ಜುನ ಏನು ಕೇಳುತ್ತಾನೆ? ಈ ಯೋಗವನ್ನು ನಾನು ಸೂರ್ಯನಿಗೆ ಹೇಳಿದ್ದೆ ಎಂದು ಕೃಷ್ಣ ಹೇಳಿದ ಕೂಡಲೇ, ನಿನ್ನ ಹುಟ್ಟು ಈಚಿನದು, ಸೂರ್ಯನ ಹುಟ್ಟು ಹಿಂದಿನದು, ನೀನೇ ಹೇಳಿದೆಯೆಂದು ನಾನು ಹೇಗೆ ತಿಳಿಯಲಿ ಎನ್ನುತ್ತಾನೆ. ಎದುರಿಗಿರುವುದು ಕೃಷ್ಣ! ಅವನಿಗೇ ಜನ್ಮದಿನಾಂಕದ ಲೆಕ್ಕ ಕೇಳುತ್ತಾನೆ. ಕೃಷ್ಣ ಗದರಿದನೇ? ಇಲ್ಲ. ನನಗೂ ನಿನಗೂ ಬಹಳ ಜನ್ಮಗಳು ಕಳೆದಿವೆ, ನನಗೆ ಗೊತ್ತು, ನಿನಗೆ ಗೊತ್ತಿಲ್ಲ ಎಂದು ಉತ್ತರ ಕೊಟ್ಟ."

"ನಮಗೆ ನೀವು ಬೆಂಚು ಹತ್ತಿಸುತ್ತಿದ್ದಿರಿ," ಎಂದಳು ನಾಗರತ್ನ.

"ಅರ್ಜುನ ಮನೆಪಾಠ ಮಾಡಿಕೊಂಡು ಬರುತ್ತಿದ್ದ," ಎಂದರು ಮೇಷ್ಟ್ರು. "ನ್ಯಾಯಸೂತ್ರದ ಮೊದಲ ಸೂತ್ರದಲ್ಲೇ ತಿಳಿಯಬೇಕಾದ 16 ಪದಾರ್ಥಗಳ ಪಟ್ಟಿಯಿದೆ. ಪ್ರಮಾಣ, ಪ್ರಮೇಯ, ಆಮೇಲೆ ಮೂರನೆಯದೇ ಸಂಶಯ. ಭಾಷ್ಯಕಾರ ವಾತ್ಸ್ಯಾಯನ ಹೇಳುತ್ತಾನೆ, ಏನೂ ಗೊತ್ತಿಲ್ಲದ ಕಡೆ ವಿಚಾರ ಹೊರಡುವುದಿಲ್ಲ, ಎಲ್ಲ ನಿಶ್ಚಯವಾದ ಕಡೆಯೂ ಹೊರಡುವುದಿಲ್ಲ, ಸಂಶಯವಿರುವ ಕಡೆ ಮಾತ್ರ ಹೊರಡುತ್ತದೆ."

"ಹೊರಡುತ್ತದೆ ಎಂದರೆ ಎದ್ದು ಹೊರಡುತ್ತದೆಯೋ, ಕುಳಿತಲ್ಲೇ ಹೊರಡುತ್ತದೆಯೋ?" ಎಂದು ನಾಗರತ್ನ ಗೇಟಿನ ಕಡೆ ಕೈ ತೋರಿಸಿದಳು.

ಯಾರೂ ಉತ್ತರಿಸಲಿಲ್ಲ. ಅಲ್ಲಿನ ಆಕೃತಿ ಹಾಗೆಯೇ ನಿಂತಿತ್ತು. ಎದೆಯ ಎತ್ತರದ ಆ ದಪ್ಪ ಮಾತ್ರ ಸ್ವಲ್ಪ ಕೆಳಗಿಳಿದಿದೆಯೇನೋ ಎನ್ನಿಸಿತು. ಹೇಳಿದರೆ ನನ್ನ ಕಂಬದ ಹೇಳಿಕೆಗೆ ಧಕ್ಕೆಯಾದೀತೆಂದು ಬಾಯಿ ಮುಚ್ಚಿಕೊಂಡೆ.

"ನನ್ನ ಕೆಲಸದ ಜಾಗದಲ್ಲಿ ಈ ಪದವನ್ನು ಯಾರೂ ಬಳಸುವುದಿಲ್ಲ," ಎಂದಳು ಅವಳು. "ಬೆಳಿಗ್ಗೆ ಹೋದ ಕೂಡಲೇ ಮೊದಲು ಪರೀಕ್ಷಿಸುವುದು ರೋಗಿಯ ರಕ್ತವನ್ನಲ್ಲ. ಕಂಟ್ರೋಲ್ ಎಂದು ಪುಟ್ಟ ಬಾಟಲಿಯಲ್ಲಿ ಬರುತ್ತದೆ. ಅದರಲ್ಲಿ ಸಕ್ಕರೆ ಎಷ್ಟಿರಬೇಕು, ಯಾವುದರಿಂದ ಯಾವುದರ ನಡುವೆ ಬರಬೇಕು, ಎಲ್ಲ ಮೊದಲೇ ಗೊತ್ತು. ಅದನ್ನು ಯಂತ್ರಕ್ಕೆ ಕೊಡುತ್ತೇನೆ. ಯಂತ್ರ ಸರಿಯಾದ ಅಂಕಿ ಹೇಳಿದರೆ ಮಾತ್ರ ರೋಗಿಗಳ ಸರದಿ. ನಿನ್ನೆ ಸಂಜೆಯವರೆಗೂ ಸರಿಯಾಗಿದ್ದ ಯಂತ್ರವೇ ಅದು. ನನಗೆ ಅದರ ಮೇಲೆ ಮುನಿಸೇನೂ ಇಲ್ಲ. ಆದರೂ ದಿನಾ ಕೇಳುತ್ತೇನೆ, ಇವತ್ತು ನಿನಗೆ ಎಣಿಸಲು ಬರುತ್ತದೆಯೇನಪ್ಪ ಎಂದು."

"ಯಂತ್ರಕ್ಕೆ ಬೇಜಾರಾಗುವುದಿಲ್ಲ. ಮನುಷ್ಯನಿಗೆ ಆಗುತ್ತದೆ," ಎಂದ ಶ್ರೀಪತಿ. "ಕನ್ನಡದಲ್ಲಿ ಸಂಶಯ ಎಂದ ತಕ್ಷಣ ಅದು ಮನುಷ್ಯನ ಮೇಲೆ ಹೋಗಿ ಬೀಳುತ್ತದೆ. ನನಗೆ ಸಂಶಯ ಎಂದರೆ, ಯಾರ ಮೇಲೆ ಎಂಬುದೇ ಮರುಪ್ರಶ್ನೆ. ಯಾವುದರ ಬಗ್ಗೆ ಎಂದು ಯಾರೂ ಕೇಳುವುದಿಲ್ಲ."

ಇದು ಆ ಸಂಜೆಯ ಅತ್ಯುತ್ತಮ ಮಾತೆಂದು ನನ್ನ ಅಭಿಪ್ರಾಯ. ನಾನು ಆಡಬೇಕಾಗಿತ್ತು.

"ಹಾಗೇನಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಕನ್ನಡದ್ದೇ ತಾನೇ?" ಎಂದರು ಮೇಷ್ಟ್ರು. "ಅದರಲ್ಲಿ ಸಂಶಯವೂ ಇಲ್ಲ, ಪಿಶಾಚಿಯೂ ಇಲ್ಲ. ನೋಡು ಎಂದಿದೆ, ಅಷ್ಟೇ. ನಿನ್ನ ಗ್ರೀಕ್ ಧಾತುವಿನ ಅರ್ಥವೂ ಅದೇ ಎಂದೆಯಲ್ಲ."

"ಆದರೆ ಗಾದೆಯನ್ನು ಒಬ್ಬ ಮನುಷ್ಯನಿಗೆ ಹೆಸರಾಗಿ ಇಡುವುದು ಹೇಗೆ ಮೇಷ್ಟ್ರೇ? ಪಿರ್ರೋ ಎಂಬ ಪ್ರಸಿದ್ಧ ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡುವವನು ಇದ್ದನು ಎಂದು ಬರೆಯಲೇ?"

"ಜಿಜ್ಞಾಸು ಎನ್ನು."

"ಅದು ಮೋಕ್ಷಕ್ಕೆ ಹೊರಟವನ ಹಾಗೆ ಕೇಳಿಸುತ್ತದೆ."

"ಪರೀಕ್ಷಕ?"

"ಅಂಕ ಕಡಿಮೆ ಕೊಡುವವನ ಹಾಗೆ."

"ಸ್ಯಾದ್ವಾದಿ ಎಂದುಬಿಡು," ಎಂದು ನಾನು ಬಾಯಿ ಹಾಕಿದೆ. ಜೈನರ ಈ ಪದ ನನಗೆ ಗೊತ್ತಿರುವುದನ್ನು ತೋರಿಸಲು ಸಂಜೆಯಿಂದ ಅವಕಾಶ ನೋಡುತ್ತಿದ್ದೆ.

"ತಪ್ಪು," ಎಂದರು ಮೇಷ್ಟ್ರು, ಹಳೆಯ ದನಿಯಲ್ಲಿ. ನಾನು ಅರ್ಧ ಎದ್ದು ನಿಂತೆ, ಅಭ್ಯಾಸಬಲ. "ಸ್ಯಾತ್ ಎಂದರೆ ಇರಬಹುದೇನೋ ಎಂದಲ್ಲ. ಒಂದು ದೃಷ್ಟಿಯಿಂದ ಎಂದರ್ಥ. ಒಂದು ದೃಷ್ಟಿಯಿಂದ ಇದೆ, ಒಂದು ದೃಷ್ಟಿಯಿಂದ ಇಲ್ಲ, ಒಂದು ದೃಷ್ಟಿಯಿಂದ ಇದೆ ಮತ್ತು ಇಲ್ಲ, ಹೀಗೆ ಏಳು ಬಗೆ. ಅವರು ತೊದಲುತ್ತಿಲ್ಲ, ಷರತ್ತು ಹಾಕಿ ಖಚಿತವಾಗಿ ಹೇಳುತ್ತಿದ್ದಾರೆ. ಎದ್ದಿದ್ದೀಯಲ್ಲ, ಹಾಗೆಯೇ ಹೋಗಿ ಅದು ಕಂಬವೋ ಮನುಷ್ಯನೋ ನೋಡಿಕೊಂಡು ಬಾ."

ನಾನು ಕುಳಿತುಕೊಂಡೆ.

ಎದ್ದವಳು ನಾಗರತ್ನ. ಮೊಬೈಲಿನ ಬೆಳಕನ್ನು ಹಾಕಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ದಡದಡ ಇಳಿದು ಹೋದಳು. ಅವಳ ಹಿಂದೆ ಶ್ರೀಪತಿ, ಅವನ ಹಿಂದೆ ಮೇಷ್ಟ್ರು, ಅವರ ಹಿಂದೆ ನಾನು. ಮಂಜಪ್ಪ ಮನೆ ಕಾಯಲು ಉಳಿದ.

ಬೆಳಕಿನಲ್ಲಿ ಮೊದಲು ಕಾಣಿಸಿದ್ದು ಕಂಬ. ಸಿಮೆಂಟಿನದು, ಕೆಳಗೆ ಹಸಿರು ಪಾಚಿ, ಅದರ ಮೇಲೆ ಹಳೆಯದಾಗಿ ಅರ್ಧ ಹರಿದ ಒಂದು ಭಿತ್ತಿಪತ್ರ. ಹನ್ನೆರಡು ವರ್ಷಗಳಿಂದ ಅಲ್ಲಿಯೇ ಇದ್ದಿರಬೇಕು. ನನ್ನ ಮಾತು ನಿಜವಾಗಿತ್ತು, ಅದರಲ್ಲಿ ನನ್ನ ಪಾಲು ಏನೂ ಇರಲಿಲ್ಲ. ಆಮೇಲೆ ಕಂಬಕ್ಕೆ ಒರಗಿ ನಿಂತಿದ್ದ ಮನುಷ್ಯ ಕಾಣಿಸಿದ. ಹೆಗಲಿಗೆ ಸುರಕ್ಷತಾ ಬೆಲ್ಟು, ಎದೆಗೆ ಅವಚಿಕೊಂಡ ಚೀಲ.

"ಲೈನ್‌ಮನ್," ಎಂದ ಅವನು. "ಆಗಲೇ ಹೇಳಿದೆ, ಎರಡು ಸಲ ಹೇಳಿದೆ. ನೀವು ಯಾರದು ಎಂದು ಕೂಗಿದಿರಿ, ನಾನು ಲೈನ್‌ಮನ್ ಎಂದೆ, ಅಷ್ಟರಲ್ಲಿ ಒಳಗೆ ಜಗಳ ಶುರುವಾಯಿತು. ಮುಗಿಯಲಿ ಎಂದು ಸುಮ್ಮನಾದೆ. ಏಣಿ ಬರಬೇಕು, ಅದಕ್ಕೆ ಕಾಯುತ್ತಿದ್ದೇನೆ."

"ಕಂಬವೂ ಹೌದು, ಮನುಷ್ಯನೂ ಹೌದು," ಎಂದು ಮೇಷ್ಟ್ರು ಆನಂದದಿಂದ ಕೈ ಮುಗಿದರು. ಯಾರಿಗೆಂದು ತಿಳಿಯದೆ ಲೈನ್‌ಮನ್ ತಾನೂ ಮುಗಿದ.

ಅಷ್ಟರಲ್ಲಿ ಅವನ ಸಹಾಯಕ ಏಣಿ ಹೊತ್ತುಕೊಂಡು ಬಂದ. ಲೈನ್‌ಮನ್ ಚೀಲದಿಂದ ಕೈಗವಸು ತೆಗೆದ, ಟೆಸ್ಟರ್ ತೆಗೆದ.

"ಲೈನ್ ಆಫ್ ಆಗಿದೆಯಲ್ಲ, ಟೆಸ್ಟರ್ ಏಕೆ?" ಎಂದು ಶ್ರೀಪತಿ ಕೇಳಿದ.

"ಆಫ್ ಆಗಿದೆ. ಲೈನ್ ಕ್ಲಿಯರ್ ತೆಗೆದುಕೊಂಡಿದ್ದೇನೆ, ಆಫ್ ಮಾಡಿದ್ದೇನೆಂದು ಫೋನ್ ಕೂಡ ಬಂತು."

"ಆಫ್ ಮಾಡಿದವರ ಮೇಲೆ ನಂಬಿಕೆಯಿಲ್ಲವೇ?"

"ನಂಬಿಕೆ ಇಲ್ಲದೆ ಏನು? ಅವರು ನನ್ನ ಅಕ್ಕನ ಗಂಡ," ಎಂದ ಲೈನ್‌ಮನ್. "ಭಾವನನ್ನು ನಂಬುತ್ತೇನೆ, ಸ್ವಾಮಿ. ತಂತಿಯನ್ನು ನೋಡುತ್ತೇನೆ."

"ಟೆಸ್ಟರ್ ಕೆಟ್ಟಿದ್ದರೆ?" ನಾಗರತ್ನಳ ದನಿ ಪರೀಕ್ಷಕರದಾಗಿತ್ತು.

"ಪಕ್ಕದ ಬೀದಿಯಲ್ಲಿ ಕರೆಂಟಿದೆ. ಉರಿಯುತ್ತದೋ ಇಲ್ಲವೋ ಎಂದು ಅಲ್ಲಿ ಹಚ್ಚಿ ನೋಡಿಕೊಂಡೇ ಬಂದೆ."

ನಾಗರತ್ನಳಿಗೆ ಅವನನ್ನು ತನ್ನ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗುವ ಮನಸ್ಸಾದದ್ದು ಮುಖದಲ್ಲಿ ಕಂಡಿತು. ಲೈನ್‌ಮನ್ ಏಣಿಯನ್ನು ಕಂಬಕ್ಕೆ ಆನಿಸಿ, ಒಮ್ಮೆ ಅಲುಗಾಡಿಸಿ, ಎರಡು ಮೆಟ್ಟಿಲು ಹತ್ತಿ, ಯೋಚಿಸಿ, ನಮ್ಮ ಕಡೆ ತಿರುಗಿದ.

"ಏಣಿಯನ್ನು ಒದೆಯುವ ವಿಷಯ ಏನೋ ಮಾತಾಡುತ್ತಿದ್ದಿರಿ."

"ಅದು ಬೇರೆಯವರು. ಗ್ರೀಸಿನವರು."

"ಆಗಲಿ. ನೀವು ಸ್ವಲ್ಪ ಆ ಕಡೆ ನಿಂತುಕೊಳ್ಳಿ," ಎಂದ. ನಿಂತೆವು.

ಐದು ನಿಮಿಷದಲ್ಲಿ ದೀಪ ಬಂತು. ವರಾಂಡಕ್ಕೆ ಮರಳಿದಾಗ ಮಂಜಪ್ಪ ಮೊಬೈಲಿನ ಮೇಲೆ ಬಗ್ಗಿಕೊಂಡು, ಎರಡೂ ಹೆಬ್ಬೆರಳುಗಳಿಂದ ಏನನ್ನೋ ಟೈಪ್ ಮಾಡುತ್ತಿದ್ದ. ಶ್ರೀಪತಿ ಹಾಳೆಯನ್ನು ಬಿಡಿಸಿ, "ಸಂಶಯಪಿಶಾಚಿ" ಎಂಬುದರ ಮೇಲೆ ನಿಧಾನವಾಗಿ ಗೆರೆ ಎಳೆದ. ಅದರ ಮೇಲೆ ಏನು ಬರೆಯುತ್ತಾನೋ ಎಂದು ನಾವು ಮೂವರೂ ಬಗ್ಗಿ ನೋಡುತ್ತಿದ್ದಾಗ, ಎಲ್ಲರ ಮೊಬೈಲುಗಳೂ ಒಟ್ಟಿಗೇ ಸದ್ದು ಮಾಡಿದವು.

ನಮ್ಮ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಮಂಜಪ್ಪನ ಸಂದೇಶ ಬಂದಿತ್ತು: "ಕತ್ತಲಲ್ಲಿ ಕಂಬದೊಳಗಿಂದ ಮನುಷ್ಯನೊಬ್ಬ ಹೊರಬಂದು ದೀಪ ಹೊತ್ತಿಸಿದ. ನಾನೇ ಕಣ್ಣಾರೆ ಕಂಡೆ. ಸಂಸ್ಕೃತದ ಮೇಷ್ಟ್ರು ಕೂಡ ಕೈ ಮುಗಿದರು. ತಪ್ಪದೆ ಹತ್ತು ಜನರಿಗೆ ಕಳುಹಿಸಿ."